ಬೆಲ್ ಹೊಡೆದ ಮೇಲೆ 11 ನಿಮಿಷ

ಬೀಗದ ಕೈ ಮುಖ್ಯ ಶಿಕ್ಷಕರ ಜೇಬಿನಲ್ಲಿತ್ತು. ಅವರು ಬಾಗಿಲು ತೆಗೆದಾಗ ತಿಂಗಳುಗಟ್ಟಲೆ ಮುಚ್ಚಿಟ್ಟ ಕೋಣೆಯ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಗೋಡೆಗುಂಟ ಹತ್ತು ಕಂಪ್ಯೂಟರ್. ಎಲ್ಲದರ ಮೇಲೂ ಬಟ್ಟೆಯ ಹೊದಿಕೆ. ಹಳೇ ಪರದೆ ಬಟ್ಟೆ ಕತ್ತರಿಸಿ, ಅಂಚು ಮಡಚಿ, ಯಾರೋ ಕೈಯಲ್ಲೇ ಹೊಲಿದಿದ್ದರು. ಮೌಸ್‌ಗೂ ಒಂದೊಂದು ಪುಟ್ಟ ಚೀಲ ಇತ್ತು. "ಧೂಳು ಕೂರಬಾರದು ಅಂತ ನಮ್ಮ ಮೇಡಂ ಒಬ್ಬರು ಹೊಲಿದುಕೊಟ್ಟಿದ್ದಾರೆ" ಅಂದರು. ಇದರಲ್ಲಿ ಪಾಠ ಮಾಡಿದ್ದು ಯಾವಾಗ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹೋದ ವರ್ಷ ಇರಬೇಕು ಸರ್" ಅಂದರು.

ಆ ಹೊಲಿಗೆ ನನ್ನ ಕಣ್ಣಿಂದ ಹೋಗಲೇ ಇಲ್ಲ. ವಸ್ತುವಿನ ಮೇಲೆ ಅಷ್ಟು ಕಾಳಜಿ ಇದ್ದವರು ಅದನ್ನು ಬಳಸುತ್ತಿಲ್ಲ ಅಂದರೆ, ತೊಂದರೆ ಬೇರೆ ಎಲ್ಲೋ ಇರಬೇಕು ಅಲ್ವಾ?

ನಾನು ಹತ್ತು ವರ್ಷ ವಿಜ್ಞಾನ ಪಾಠ ಮಾಡಿದವನು. ಆಮೇಲೆ ನಮ್ಮ ವಲಯದ 14 ಹಳ್ಳಿ ಶಾಲೆಗಳಿಗೆ ತಂತ್ರಜ್ಞಾನದ ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಯೋಜನೆ ಬರೆಯುವುದು ಅರ್ಧ ಕೆಲಸ. ಶಿಕ್ಷಕರ ಬೆನ್ನಿಗೆ ನಿಂತು ಅದನ್ನು ನಡೆಸುವುದು ಉಳಿದರ್ಧ. ಹಳೇ ಯೋಜನೆಯ ಫೈಲ್ ತರಿಸಿ ಓದಿದೆ. ಪುಟಪುಟವೂ ಸಾಮಾನಿನ ಪಟ್ಟಿ. ಕಂಪ್ಯೂಟರ್ ಎಷ್ಟು, ಪ್ರೊಜೆಕ್ಟರ್ ಎಷ್ಟು, ಪ್ರಿಂಟರ್ ಎಷ್ಟು. ಶಿಕ್ಷಕರ ಹೆಸರು ಬಂದಿದ್ದು ಒಂದೇ ಒಂದು ಸಾಲಿನಲ್ಲಿ, "ಒಂದು ದಿನದ ತರಬೇತಿ" ಅಂತ. ಇರುವ ಹಣ ಪೂರ್ತಿ ಸಾಮಾನಿಗೇ ಹೋಗಿತ್ತು. ಕೆಟ್ಟರೆ ರಿಪೇರಿಗೆ, ಸವೆದರೆ ಬದಲಾಯಿಸೋದಕ್ಕೆ ಏನೂ ಇಟ್ಟಿರಲಿಲ್ಲ.

ನಮ್ಮಲ್ಲಿ ಮಾತ್ರ ಹೀಗಾಗಿದ್ದಲ್ಲ. 2005ರಲ್ಲಿ ಅಮೆರಿಕದ ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ಅವರು ಬಡ ದೇಶಗಳ ಮಕ್ಕಳಿಗಾಗಿ ನೂರು ಡಾಲರ್ ಲ್ಯಾಪ್‌ಟಾಪ್‌ನ ಮಾತೆತ್ತಿದಾಗ ಜಗತ್ತೇ ಕಿವಿಗೊಟ್ಟಿತ್ತು. ಪೆರು ದೇಶ ಆ ಲ್ಯಾಪ್‌ಟಾಪ್‌ಗಳನ್ನು ಲಕ್ಷಗಟ್ಟಲೆ ತರಿಸಿ ಮಕ್ಕಳಿಗೆ ಹಂಚಿತು. ಅಲ್ಲಿನ 319 ಹಳ್ಳಿ ಶಾಲೆಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2012ರಲ್ಲಿ ಬಂತು. ಮಕ್ಕಳ ಕೈಗೆ ಕಂಪ್ಯೂಟರ್ ಸಿಕ್ಕಿದ್ದು ನಿಜ, ಆದರೆ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಅದರಿಂದ ಹೆಚ್ಚಳ ಕಾಣಲಿಲ್ಲ. ಇದನ್ನು ಓದಿದ ದಿನ ನಾನು ಬರೆಯಲು ಶುರು ಮಾಡಿದ್ದ ಯೋಜನೆಯನ್ನು ಪಕ್ಕಕ್ಕಿಟ್ಟೆ. ನನ್ನದೂ ಸಾಮಾನಿನ ಪಟ್ಟಿಯೇ ಆಗುತ್ತಿತ್ತು.

ಎರಡು ತಿಂಗಳು ಏನೂ ಬರೆಯಲಿಲ್ಲ. ಶಾಲೆಯಿಂದ ಶಾಲೆಗೆ ಹೋಗಿ, ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ. ಶಿಕ್ಷಕರನ್ನು ಕೇಳಿಕೊಂಡಿದ್ದು ಇಷ್ಟೇ: "ನಿಮಗೆ ಅನುಕೂಲ ಆದ ದಿನ ಪ್ರೊಜೆಕ್ಟರ್ ಹಾಕಿ ಒಂದು ಪಾಠ ಮಾಡಿ. ನಾನು ಸುಮ್ನೆ ನೋಡ್ತೀನಿ."

ಒಂದು ಸಮಾಜ ವಿಜ್ಞಾನದ ಪೀರಿಯಡ್ ಚೆನ್ನಾಗಿ ನೆನಪಿದೆ. ಮೇಡಂ ಜ್ವಾಲಾಮುಖಿಯ ಪಾಠ ತಯಾರಿ ಮಾಡಿಕೊಂಡು ಬಂದಿದ್ದರು. ಬೆಲ್ ಹೊಡೆಯಿತು. ಒಬ್ಬ ಹುಡುಗನನ್ನು ಬೀಗದ ಕೈ ತರಲು ಕಳಿಸಿದರು. ಇನ್ನೊಬ್ಬ ಬೀರುವಿನಿಂದ ಪ್ರೊಜೆಕ್ಟರ್ ಎತ್ತಿಕೊಂಡು ಬಂದ. ಮೇಜಿನ ಮೇಲೆ ನಾಲ್ಕು ಪುಸ್ತಕ ಪೇರಿಸಿ ಅದರ ಮೇಲೆ ಇಟ್ಟರು. ಪ್ಲಗ್ ಪಾಯಿಂಟ್ ಹಿಂದಿನ ಗೋಡೆಯಲ್ಲಿತ್ತು, ವಯರ್ ಅಲ್ಲಿವರೆಗೆ ಬರಲಿಲ್ಲ. ಪಕ್ಕದ ಕ್ಲಾಸಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಬಂತು. ಲ್ಯಾಪ್‌ಟಾಪ್ ಆನ್ ಮಾಡಿದರೆ, ಅಪ್‌ಡೇಟ್ ಆಗ್ತಿದೆ, ಆಫ್ ಮಾಡಬೇಡಿ ಅಂತ ನೀಲಿ ಪರದೆ ಬಂತು. ಅದು ಮುಗಿಯಿತು. ಪಾಸ್‌ವರ್ಡ್ ಹಾಕಿದರು, ತಪ್ಪಾಯಿತು, ಮತ್ತೆ ಹಾಕಿದರು. ಕೇಬಲ್ ಚುಚ್ಚಿದರು. ಗೋಡೆಯ ಮೇಲೆ "ಸಿಗ್ನಲ್ ಇಲ್ಲ" ಅಂತ ಬಂತು. ರಿಮೋಟ್‌ನಲ್ಲಿ ಇನ್‌ಪುಟ್ ಬದಲಾಯಿಸಬೇಕಿತ್ತು, ರಿಮೋಟ್‌ನ ಸೆಲ್ ಮುಗಿದಿತ್ತು. ಪ್ರೊಜೆಕ್ಟರ್ ಮೇಲಿನ ಬಟನ್ ಹುಡುಕಿ ಒತ್ತಿದರು. ಕೊನೆಗೂ ಚಿತ್ರ ಬಂತು. ನನ್ನ ಗಡಿಯಾರ ನೋಡಿದೆ. ಬೆಲ್ ಹೊಡೆದು 11 ನಿಮಿಷ ಆಗಿತ್ತು.

ಆ ಹೊತ್ತಿಗೆ ಹಿಂದಿನ ಬೆಂಚಿನವರು ಎದ್ದು ಓಡಾಡುತ್ತಿದ್ದರು. ಮೇಡಂ ಹಣೆಯಲ್ಲಿ ಬೆವರು. ಪಾಠ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡಿ ಸರ್, ಬೋರ್ಡ್ ಮೇಲೆ ಬರೆದಿದ್ರೆ ಇಷ್ಟೊತ್ತಿಗೆ ಪಾಠ ಮುಗಿದಿರ್ತಿತ್ತು" ಅಂದರು. ಅವರು ಹೇಳಿದ್ದು ಸರಿ. ಪೀರಿಯಡ್ ಇರೋದೇ 40 ನಿಮಿಷ. ಜೋಡಿಸೋಕೆ 11, ಬಿಚ್ಚಿಡೋಕೆ 3. ಉಳಿದಿದ್ದು 26. ಸಿಲಬಸ್ ಮುಗಿಸಬೇಕಾದ ಶಿಕ್ಷಕರು ಇಷ್ಟು ಹೊತ್ತು ಕಳೆದುಕೊಂಡು ದಿನಾ ಪಾಠ ಮಾಡೋದು ಹೇಗೆ?

ಆಮೇಲೆ ನಾನು ಹೋದ ಕಡೆಯೆಲ್ಲ ಇದೇ ಲೆಕ್ಕ ಬರೆದುಕೊಂಡೆ. ಎಲ್ಲಾದರೂ 7 ನಿಮಿಷ, ಎಲ್ಲಾದರೂ 16. "ನಮ್ಮ ಶಿಕ್ಷಕರಿಗೆ ಹೊಸದು ಕಲಿಯೋ ಮನಸ್ಸಿಲ್ಲ" ಅನ್ನೋ ಮಾತು ಸಭೆಗಳಲ್ಲಿ ತುಂಬಾ ಕೇಳಿದ್ದೆ. ನಾನೂ ಒಂದೆರಡು ಸಲ ಆಡಿದ್ದೆ. ಈ ಎರಡು ತಿಂಗಳ ನಂತರ ಆ ಮಾತು ಬಾಯಿಗೆ ಬರಲಿಲ್ಲ.

ಯೋಜನೆಯ ಮೊದಲ ಪುಟದಲ್ಲಿ ಒಂದೇ ಸಾಲು ಬರೆದೆ. "ಬೆಲ್ ಹೊಡೆದು 3 ನಿಮಿಷದೊಳಗೆ ಗೋಡೆಯ ಮೇಲೆ ಚಿತ್ರ ಬರಬೇಕು." ಮೇಲಿನವರಿಗೆ ಇದು ಸಣ್ಣ ಗುರಿ ಅನ್ನಿಸಿತು. ಜೊತೆಗೆ ಏನಾದರೂ ದೊಡ್ಡದು ಸೇರಿಸಿ ಅಂದರು. ನಾನು ಆ ಸಾಲನ್ನು ಬಿಡಲಿಲ್ಲ. ಮುಂದೆ ಯಾವ ಖರ್ಚಿನ ಮಾತು ಬಂದರೂ ಒಂದೇ ಪ್ರಶ್ನೆ ಕೇಳಿದೆವು: ಇದರಿಂದ ಎಷ್ಟು ನಿಮಿಷ ಉಳಿಯುತ್ತೆ?

ಮೊದಲು ಕೈ ಹಾಕಿದ್ದು ಅಗ್ಗದ ಕೆಲಸಗಳಿಗೆ. ಹೊಸ ಪ್ರೊಜೆಕ್ಟರ್ ಕೊಳ್ಳುವುದನ್ನು ನಿಲ್ಲಿಸಿ, ಇದ್ದುದನ್ನೇ ತರಗತಿಯ ಸೂರಿಗೆ ಕೂರಿಸಿದೆವು. ಕೇಬಲ್ ಗೋಡೆಯಗುಂಟ ಇಳಿದು ಮೇಜಿನ ಬಳಿ ನಿಲ್ಲುವ ಹಾಗೆ ಮಾಡಿದೆವು. ಅದರ ಪಕ್ಕದಲ್ಲೇ ಪ್ಲಗ್ ಪಾಯಿಂಟ್. ಕೇಬಲ್ ತುದಿಗೆ ಕೆಂಪು ಟೇಪು ಸುತ್ತಿದೆವು, ಲ್ಯಾಪ್‌ಟಾಪ್‌ನಲ್ಲಿ ಅದನ್ನು ಚುಚ್ಚುವ ಜಾಗಕ್ಕೂ ಕೆಂಪು ಚುಕ್ಕೆ ಅಂಟಿಸಿದೆವು. ಇಷ್ಟಕ್ಕೇ ಐದಾರು ನಿಮಿಷ ಉಳಿಯಿತು. ಅಪ್‌ಡೇಟ್‌ಗಳಿಗೆ ಹೊತ್ತು ಗೊತ್ತು ಮಾಡಿದೆವು. ವಿಂಡೋಸ್‌ನಲ್ಲಿ ನೆಟ್‌ವರ್ಕನ್ನು 'ಮೀಟರ್ಡ್', ಅಂದರೆ ಡೇಟಾ ಲೆಕ್ಕವಿಟ್ಟು ಬಳಸಬೇಕಾದದ್ದು, ಅಂತ ಗುರುತು ಹಾಕಿದರೆ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ. ವಾರದ ಕೊನೆಯ ದಿನ ಪಾಠ ಮುಗಿದ ಮೇಲೆ ಆ ಗುರುತು ತೆಗೆದು, ಎಲ್ಲಾ ಮೆಷಿನ್‌ಗೂ ಒಟ್ಟಿಗೆ ಅಪ್‌ಡೇಟ್ ಕೊಡೋದು. ಇದನ್ನು ಮರೆತರೆ ಸುರಕ್ಷತೆಯ ಅಪ್‌ಡೇಟ್‌ಗಳೂ ನಿಂತುಹೋಗುತ್ತವೆ, ಅದಕ್ಕೆ ಪ್ರತಿ ಶಾಲೆಯಲ್ಲೂ ಒಬ್ಬರ ಹೆಸರಿಗೇ ಈ ಕೆಲಸ ಬರೆದೆವು.

ಕರೆಂಟ್‌ನ ಕಥೆ ಇದಕ್ಕಿಂತ ಗಟ್ಟಿ. ಹಳೇ ಲ್ಯಾಂಪ್ ಪ್ರೊಜೆಕ್ಟರ್‌ಗಳಿಗೆ ಒಂದು ಗುಣ ಇದೆ. ಕರೆಂಟ್ ಎರಡೇ ಸೆಕೆಂಡ್ ಹೋಗಿ ಬಂದರೂ ಅವು ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಬಿಸಿಯಾದ ಲ್ಯಾಂಪ್ ತಣ್ಣಗಾಗುವವರೆಗೆ ಕಾಯಬೇಕು. ತರಗತಿಯಲ್ಲಿ ಆ ಕೆಲವು ನಿಮಿಷ ಬಹಳ ಉದ್ದ. ಎಲ್‌ಇಡಿ ಅಥವಾ ಲೇಸರ್ ಬೆಳಕಿನವು ಹಾಗಲ್ಲ, ಕರೆಂಟ್ ಬಂದ ಕೂಡಲೇ ಬೆಳಗುತ್ತವೆ. ಸಾಮಾನ್ಯ ಲ್ಯಾಂಪ್ ಕೆಲವು ಸಾವಿರ ಗಂಟೆಗೆ ಮುಗಿದರೆ ಲೇಸರಿನವು 20,000 ಗಂಟೆಯ ಆಸುಪಾಸು ಬಾಳುತ್ತವೆ. ಕೊಳ್ಳುವಾಗ ಬೆಲೆ ಜಾಸ್ತಿ, ಆದರೆ ಹಳ್ಳಿ ಶಾಲೆಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ಹಳೇ ಪ್ರೊಜೆಕ್ಟರ್ ಹಾಳಾದಾಗಲೆಲ್ಲ ಇಂಥ ಹೊಸದನ್ನು ಹಾಕಿದೆವು, ಅಲ್ಲಿವರೆಗೆ ಹಳೆಯದಕ್ಕೆ ಕರೆಂಟ್ ಹೋದರೂ ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ ನಡೆಸುವ ಸಣ್ಣ ಯುಪಿಎಸ್ ಕೊಟ್ಟೆವು.

ಯುಪಿಎಸ್ ಬ್ಯಾಟರಿಯಲ್ಲಿ ನಾನೇ ಒಂದು ಪೆಟ್ಟು ತಿಂದೆ. ಐದು ವರ್ಷ ಬರುತ್ತವೆ ಅಂತ ಲೆಕ್ಕ ಹಾಕಿದ್ದೆ. ಎರಡೇ ವರ್ಷಕ್ಕೆ ಉಬ್ಬಿಕೊಂಡವು. ಅವನ್ನು ಇಟ್ಟಿದ್ದು ಶೀಟಿನ ಸೂರಿನ ಕೆಳಗೆ, ಕಿಟಕಿಯಿಲ್ಲದ ಮೂಲೆಯಲ್ಲಿ. ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸನ್ನು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿರುತ್ತಾರೆ. ಅದರ ಮೇಲೆ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಇದು ಗೊತ್ತಿದ್ದರೆ ನಾನು ಅಲ್ಲಿ ಇಡಿಸುತ್ತಲೇ ಇರಲಿಲ್ಲ. ಈಗ ಬ್ಯಾಟರಿಗಳು ನೆಲದ ಹತ್ತಿರ, ಗಾಳಿ ಆಡುವ ಕಡೆ ಇವೆ. ಮೂರನೇ ವರ್ಷ ಬದಲಾಯಿಸುವ ಹಣವನ್ನು ಯೋಜನೆಯಲ್ಲೇ ಎತ್ತಿಟ್ಟಿದ್ದೇವೆ.

ಇಂಟರ್ನೆಟ್‌ಗೆ ಬಂದರೆ, ಲೆಕ್ಕ ಸರಳ. ಒಂದು ಸಾಧಾರಣ ವಿಡಿಯೋಗೆ ಸೆಕೆಂಡಿಗೆ 1.5 ಮೆಗಾಬಿಟ್ ಬೇಕು ಅಂದುಕೊಳ್ಳಿ. 30 ಮಕ್ಕಳು ಒಟ್ಟಿಗೆ ನೋಡಿದರೆ 45. ನಮ್ಮ ಬಹುಪಾಲು ಶಾಲೆಗಳಿಗೆ ಒಳ್ಳೆಯ ದಿನ ಸಿಗುತ್ತಿದ್ದುದು 10. ಮಳೆಗಾಲದಲ್ಲಿ ಅದೂ ಇಲ್ಲ. ಹಾಗಾಗಿ ಪಾಠದ ಸಾಮಗ್ರಿ ಶಾಲೆಯೊಳಗೇ ಇರಬೇಕು ಅಂತ ತೀರ್ಮಾನಿಸಿದೆವು. ಲರ್ನಿಂಗ್ ಈಕ್ವಾಲಿಟಿ ಅನ್ನೋ ಸಂಸ್ಥೆ ಮಾಡಿರುವ ಕೊಲಿಬ್ರಿ ಅನ್ನೋ ಸಾಫ್ಟ್‌ವೇರ್ ಇದಕ್ಕೆಂದೇ ಇದೆ. ಒಂದು ಸಣ್ಣ ಕಂಪ್ಯೂಟರ್‌ನಲ್ಲಿ ಅದನ್ನು ಹಾಕಿ ಪಾಠಗಳನ್ನು ತುಂಬಿಟ್ಟರೆ, ಶಾಲೆಯ ವೈ-ಫೈನಲ್ಲೇ ಎಲ್ಲರೂ ನೋಡಬಹುದು. ಹೊರಗಿನ ಇಂಟರ್ನೆಟ್ ಬೇಕಿಲ್ಲ. ಇಂಟರ್ನೆಟ್ ಇಲ್ಲದೆ ಓದಲು ಬರುವ ಕಿವಿಕ್ಸ್ ಅನ್ನೋ ಸಾಫ್ಟ್‌ವೇರ್‌ನಿಂದ ವಿಕಿಪೀಡಿಯ ಕೂಡ ಹಾಗೇ ಇಳಿಸಿಟ್ಟೆವು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಶುರು ಮಾಡಿದ, ಕಂಪ್ಯೂಟರ್ ಪರದೆಯಲ್ಲೇ ಮಾಡಿ ನೋಡುವ ಫೆಟ್ ಪ್ರಯೋಗಗಳು ಒಂದೊಂದೂ ಒಂದು ಫೈಲಾಗಿ ಇಳಿಯುತ್ತವೆ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟರೂ ಸಾಕು. ಗಣಿತದವರಿಗೆ ಆಕೃತಿ, ಗ್ರಾಫ್ ಬರೆದು ತೋರಿಸುವ ಜಿಯೋಜಿಬ್ರಾ. ಇಷ್ಟು ಬಿಟ್ಟರೆ ಮೊದಲ ವರ್ಷ ಬೇರೆ ಸಾಫ್ಟ್‌ವೇರ್ ಯಾವುದನ್ನೂ ಒಳಗೆ ಬಿಡಲಿಲ್ಲ.

ಕೊಲಿಬ್ರಿಯನ್ನು ರಾಸ್ಪ್‌ಬೆರಿ ಪೈನಲ್ಲಿ ಹಾಕಿದ್ದೆವು. ಅಂಗೈಯಗಲದ ಕಂಪ್ಯೂಟರ್, ಕೆಲವೇ ವ್ಯಾಟ್ ಸಾಕು. ಖುಷಿಯಿಂದ ಎಲ್ಲಾ ಕಡೆ ಇಟ್ಟು ಬಂದೆ. ತಿಂಗಳೊಳಗೆ ಮೂರು ಶಾಲೆಯಿಂದ ಫೋನ್ ಬಂತು, ಆನ್ ಆಗ್ತಿಲ್ಲ ಅಂತ. ಅದರ ಮೆಮೊರಿ ಕಾರ್ಡಿನಲ್ಲಿ ಏನೋ ಬರೆಯುತ್ತಿರುವಾಗ ಕರೆಂಟ್ ಹೋದರೆ ಒಳಗಿನ ಫೈಲ್‌ಗಳು ಕೆಡುತ್ತವೆ. ಹಳ್ಳಿಯಲ್ಲಿ ಕರೆಂಟ್ ಕೇಳಿಕೊಂಡು ಹೋಗುತ್ತಾ? ಕಾರ್ಡಿನ ಬದಲು ಎಸ್‌ಎಸ್‌ಡಿ ಅನ್ನೋ ಇನ್ನೂ ಗಟ್ಟಿಯಾದ ಡಿಸ್ಕ್ ಹಾಕಿದೆವು, ಅದನ್ನೂ ಯುಪಿಎಸ್‌ಗೆ ಸೇರಿಸಿದೆವು. ಪ್ರತಿ ಶಾಲೆಯ ಬೀರುವಿನಲ್ಲಿ ಎಲ್ಲಾ ತುಂಬಿಟ್ಟ ಇನ್ನೊಂದು ಕಾರ್ಡ್ ಇಟ್ಟೆವು, ಎಸ್‌ಎಸ್‌ಡಿ ಹಾಳಾದರೆ ಅವರೇ ಕಾರ್ಡ್ ಹಾಕಿಕೊಂಡು ನಡೆಸಲಿ ಅಂತ.

ಇನ್ನೊಂದು ಶಾಲೆಯಲ್ಲಿ ಎರಡು ಕಟ್ಟಡ. ಮಧ್ಯೆ ಆಟದ ಮೈದಾನ. ಈ ಕಡೆಯಿಂದ ಆ ಕಡೆಗೆ ಸುಮಾರು 130 ಮೀಟರ್ ನೆಟ್‌ವರ್ಕ್ ಕೇಬಲ್ ಎಳೆಸಿದೆ. ಬೆಳಿಗ್ಗೆ ಸರಿ ಇರುತ್ತಿತ್ತು, ಮಧ್ಯಾಹ್ನ ಕಡಿದುಹೋಗುತ್ತಿತ್ತು. ತಾಮ್ರದ ಈಥರ್ನೆಟ್ ಕೇಬಲ್‌ಗೆ 100 ಮೀಟರ್ ಮಿತಿ. ಅವಸರದಲ್ಲಿ ಅಳತೆಯನ್ನೇ ತೆಗೆಸಿರಲಿಲ್ಲ. ಕೊನೆಗೆ ಫೈಬರ್ ಹಾಕಿಸಿದೆವು. ಗಾಜಿನ ಎಳೆ ಸಿಡಿಲಿನ ವಿದ್ಯುತ್ತನ್ನು ಹೊತ್ತು ತರುವುದಿಲ್ಲ, ಬಯಲಿನಲ್ಲಿರುವ ಶಾಲೆಗೆ ಅದೊಂದು ದೊಡ್ಡ ನೆಮ್ಮದಿ.

ಇಷ್ಟೆಲ್ಲ ಆದರೂ ಮುಖ್ಯವಾದ ಕೆಲಸ ಉಳಿದೇ ಇತ್ತು. ಯಂತ್ರ ಸರಿ ಇದ್ದ ಮಾತ್ರಕ್ಕೆ ಶಿಕ್ಷಕರಿಗೆ ಧೈರ್ಯ ಬರುವುದಿಲ್ಲ. ನಾವು ಮೊದಲು ಹಳೇ ದಾರಿಯನ್ನೇ ಹಿಡಿದೆವು. ಎಲ್ಲರನ್ನೂ ಒಂದು ಕಡೆ ಸೇರಿಸಿ ದಿನವಿಡೀ ತರಬೇತಿ ಕೊಟ್ಟೆವು. ಎಲ್ಲರೂ ಬರೆದುಕೊಂಡರು, ತಲೆಯಾಡಿಸಿದರು. ಮೂರು ವಾರ ಬಿಟ್ಟು ಹೋಗಿ ನೋಡಿದರೆ ಬಳಸುತ್ತಿದ್ದವರು ಇಬ್ಬರೋ ಮೂವರೋ. ಶಿಕ್ಷಕರ ತರಬೇತಿಯ ಬಗ್ಗೆ ಸಂಶೋಧನೆ ಮಾಡಿದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶೋವರ್ಸ್ 1980ರ ದಶಕದಲ್ಲೇ ಇದನ್ನು ಹೇಳಿದ್ದರು. ತರಬೇತಿಯಲ್ಲಿ ಕೇಳಿದ್ದು ತರಗತಿಗೆ ಇಳಿಯಬೇಕಾದರೆ ಆ ತರಗತಿಯಲ್ಲೇ ಜೊತೆಗೆ ನಿಲ್ಲುವವರು ಬೇಕು ಅಂತ. ಶಿಕ್ಷಣದ ಸಂಶೋಧಕರಾದ ಪುನ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಬರೆದಿದ್ದೂ ಇದಕ್ಕೆ ಹತ್ತಿರದ್ದೇ: ವಿಷಯ, ಕಲಿಸುವ ರೀತಿ, ತಂತ್ರಜ್ಞಾನ, ಈ ಮೂರರ ತಿಳಿವಳಿಕೆ ಒಟ್ಟಿಗೆ ಬೆರೆಯಬೇಕು. ಜ್ವಾಲಾಮುಖಿ ಪಾಠ ಮಾಡುವ ಮೇಡಂಗೆ ಬೇಕಾದ್ದು ಜ್ವಾಲಾಮುಖಿಯ ಪಾಠಕ್ಕೆ ಒದಗುವ ಸಹಾಯ. ಎಕ್ಸೆಲ್‌ನ ಇಪ್ಪತ್ತು ಫಾರ್ಮುಲಾ ಕಲಿಸಿದರೆ ಅವರಿಗೇನು ಉಪಯೋಗ?

ಹಾಗಾಗಿ ತರಬೇತಿ ನಿಲ್ಲಿಸಿ ಜೊತೆಗಾರರನ್ನು ಮಾಡಿಕೊಂಡೆವು. ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕರು. ಕಂಪ್ಯೂಟರ್ ಚೆನ್ನಾಗಿ ಬಲ್ಲವರನ್ನೇ ಆರಿಸಲಿಲ್ಲ, ಉಳಿದವರು ಸಂಕೋಚವಿಲ್ಲದೆ ಹೋಗಿ ಕೇಳುವಂಥವರನ್ನು ಆರಿಸಿದೆವು. ಒಂದು ಶಾಲೆಯಲ್ಲಿ ಆ ಜೊತೆಗಾರರು ನಿವೃತ್ತಿಗೆ ಹತ್ತಿರ ಬಂದ ಗಣಿತದ ಮೇಷ್ಟ್ರು. ತಾವು ಕಲಿತಿದ್ದನ್ನು ಅಷ್ಟು ನಿಧಾನವಾಗಿ, ಅಷ್ಟು ತಾಳ್ಮೆಯಿಂದ ಹೇಳಿಕೊಡುವವರು ಇನ್ನೊಬ್ಬರಿಲ್ಲ. ಜೊತೆಗಾರರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಬೇಕು ಅಂತ ಕೇಳಿದೆ. ಇಡೀ ಯೋಜನೆಯಲ್ಲಿ ಅತಿ ಕಷ್ಟದ ಮಾತುಕತೆ ಇದೇ. ಸಾಮಾನಿಗೆ ಹಣ ಸುಲಭವಾಗಿ ಸಿಗುತ್ತದೆ, ಶಿಕ್ಷಕರ ಸಮಯ ಸಿಗುವುದಿಲ್ಲ. ಆರು ಸಭೆ ಆಯಿತು. ಕೊನೆಗೆ ಕಂಪ್ಯೂಟರ್ ಖರೀದಿಯಲ್ಲಿ ಒಂದಷ್ಟು ಬಿಟ್ಟುಕೊಟ್ಟು, ಆ ಹಣದಲ್ಲಿ ಬದಲಿ ಶಿಕ್ಷಕರ ವ್ಯವಸ್ಥೆ ಮಾಡಿಸಿದೆ. ಇವತ್ತಿಗೂ ಆ ಎರಡು ಪೀರಿಯಡ್ ನಾನು ಮಾಡಿಸಿದ ಕೆಲಸಗಳಲ್ಲೆಲ್ಲ ದೊಡ್ಡದು ಅಂತಲೇ ನಂಬಿದ್ದೇನೆ.

ಜೊತೆಗೆ ಪ್ರತಿ ಸ್ಟಾಫ್ ರೂಮಿನಲ್ಲಿ ಒಂದು ನೋಟ್‌ಬುಕ್ ತೂಗುಹಾಕಿದೆವು. ದಾರ ಕಟ್ಟಿದ ಪೆನ್ನೂ ಅದರಲ್ಲೇ. ಏನು ಕೆಟ್ಟಿತು, ಯಾವ ದಿನ, ಯಾವ ಕ್ಲಾಸು, ಅಷ್ಟೇ ಬರೆಯಬೇಕು. ಸರಿಯಾದ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. "ಹಸಿರು ದೀಪ ಮಿಣಮಿಣ ಅಂತಿದೆ, ಚಿತ್ರ ಬರ್ತಿಲ್ಲ" ಅಂತ ಒಬ್ಬರು ಬರೆದಿದ್ದರು. ನನಗೆ ಅಷ್ಟು ಸಾಕಿತ್ತು. ಹದಿನೈದು ದಿನಕ್ಕೊಮ್ಮೆ ನಾನು ಅಥವಾ ನನ್ನ ಸಹಾಯಕರು ಬರುತ್ತೇವೆ ಅಂತ ದಿನ ಗೊತ್ತು ಮಾಡಿದೆವು. ಬರುವ ದಿನ ತಪ್ಪಿಸಲಿಲ್ಲ. ಕೆಲಸ ಏನೂ ಇಲ್ಲದಿದ್ದರೂ ಹೋಗಿ ಕೂತು ಬಂದೆವು. ಎಷ್ಟೋ ಪ್ರಶ್ನೆಗಳು ನೋಟ್‌ಬುಕ್‌ಗೆ ಬರುವುದಿಲ್ಲ, ಪಕ್ಕದಲ್ಲಿ ಕೂತಾಗ ಮಾತ್ರ ಮೆಲ್ಲಗೆ ಬರುತ್ತವೆ. "ಸರ್, ಹೀಗೆ ಕೇಳ್ತೀನಿ ಅಂತ ಏನೂ ಅನ್ಕೋಬೇಡಿ, ಈ ಫೈಲ್ ಎಲ್ಲಿಗೆ ಹೋಯ್ತು?" ಅಂತ ಕೇಳಿದವರು ಒಬ್ಬಿಬ್ಬರಲ್ಲ.

ಆರು ತಿಂಗಳ ನೋಟ್‌ಬುಕ್‌ಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಹೆಚ್ಚಿನ ದೂರು ಕೇಬಲ್, ಚಾರ್ಜರ್, ಪಾಸ್‌ವರ್ಡ್ ಇವುಗಳದ್ದೇ. ದೊಡ್ಡ ರಿಪೇರಿ ಅಪರೂಪ. ಪ್ರತಿ ಶಾಲೆಗೂ ಒಂದು ಡಬ್ಬಿ ಕೊಟ್ಟೆವು, ಒಳಗೆ ಒಂದು ಕೇಬಲ್, ಒಂದು ಚಾರ್ಜರ್, ಒಂದು ಮೌಸ್, ರಿಮೋಟ್‌ನ ಸೆಲ್. ಡಬ್ಬಿ ಬಂದ ಮೇಲೆ ನಾವು ಬರುವವರೆಗೆ ಪಾಠ ನಿಲ್ಲುವುದು ತುಂಬಾ ಕಡಿಮೆಯಾಯಿತು.

ಈ ನಡುವೆ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲುವ ದಿನ ಬಂತು, 2025ರ ಅಕ್ಟೋಬರ್ 14. ನಮ್ಮ ಅರ್ಧಕ್ಕರ್ಧ ಮೆಷಿನ್‌ಗಳು ವಿಂಡೋಸ್ 11 ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಬೇಕಾದ ಟಿಪಿಎಂ 2.0 ಅನ್ನೋ ಸುರಕ್ಷತೆಯ ಚಿಪ್ ಇಲ್ಲ, ಪ್ರೊಸೆಸರ್ ಹಳತು. ಎಸೆದು ಹೊಸದು ತನ್ನಿ ಅಂದವರಿದ್ದರು. ಚೆನ್ನಾಗಿ ಓಡುವ ಮೆಷಿನನ್ನು ಎಸೆಯಲು ಮನಸ್ಸು ಒಪ್ಪಲಿಲ್ಲ. ಮೊದಲು ಎರಡು ಶಾಲೆಯಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಒಂದು ಅವಧಿ ಪೂರ್ತಿ ಶಿಕ್ಷಕರು ಬಳಸಿ ನೋಡಲಿ ಅಂತ ಬಿಟ್ಟೆವು. ಅವರ ಫಾಂಟು, ಅವರ ಪ್ರಿಂಟರು, ಅವರ ಪ್ರಶ್ನೆಪತ್ರಿಕೆ ಸರಿ ಬರುತ್ತಾ ಅಂತ ನೋಡಿಕೊಂಡೆವು. ಪ್ರಶ್ನೆಪತ್ರಿಕೆಯ ಸಾಲುಗಳು ಒಂದು ಕಡೆ ಮುರಿದುಬಂದವು, ಅದನ್ನು ಸರಿಪಡಿಸಿದ ಮೇಲೆಯೇ ಉಳಿದ ಶಾಲೆಗೆ ಕೊಟ್ಟಿದ್ದು.

ಹೋದ ತಿಂಗಳು ಆ ಜ್ವಾಲಾಮುಖಿಯ ಮೇಡಂ ಕ್ಲಾಸಿನಲ್ಲಿ ಮತ್ತೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬೆಲ್ ಹೊಡೆಯಿತು. ಅವರು ಕೆಂಪು ಟೇಪಿನ ಕೇಬಲ್ ಎತ್ತಿ ಚುಚ್ಚಿದರು, ಮಕ್ಕಳ ಕಡೆ ತಿರುಗಿ ಹಿಂದಿನ ಪಾಠದ ಒಂದು ಪ್ರಶ್ನೆ ಕೇಳಿದರು. ಒಬ್ಬಳು ಉತ್ತರ ಹೇಳಿ ಮುಗಿಸುವ ಹೊತ್ತಿಗೆ ಗೋಡೆಯ ಮೇಲೆ ನಕ್ಷೆ ಬಂದಿತ್ತು. ಎರಡು ನಿಮಿಷಕ್ಕೆ ಸ್ವಲ್ಪ ಮೇಲೆ. ನಡುವೆ ಒಮ್ಮೆ ಕರೆಂಟ್ ಹೋಯಿತು. ಯುಪಿಎಸ್ ಬೀಪ್ ಅಂದಿತು. ಮೇಡಂ ತಿರುಗಿಯೂ ನೋಡಲಿಲ್ಲ.

ಬೆಟ್ಟದ ಆಚೆಯ ಎರಡು ಶಾಲೆಗೆ ಇನ್ನೂ ಇಂಟರ್ನೆಟ್ ಬಂದಿಲ್ಲ. ಅಲ್ಲಿಗೆ ಹೊಸ ಪಾಠಗಳನ್ನು ಹಾರ್ಡ್‌ಡಿಸ್ಕಿನಲ್ಲಿ ತುಂಬಿಕೊಂಡು ನಾವೇ ಹೋಗುತ್ತೇವೆ. ಅಲ್ಲಿನ ನೋಟ್‌ಬುಕ್‌ನಲ್ಲಿ ಹೋದ ಸಲ ವಿಜ್ಞಾನದ ಮೇಷ್ಟ್ರು ಬರೆದಿದ್ದರು: "ಬೆಳಕಿನ ವಕ್ರೀಭವನದ ಪ್ರಯೋಗ ಬೇಕು. ಮುಂದಿನ ಗುರುವಾರದೊಳಗೆ ಸಿಕ್ಕರೆ ಒಳ್ಳೆಯದು, ಆ ಪಾಠ ಶುರು ಮಾಡ್ತಿದ್ದೀನಿ." ಫೆಟ್‌ನಿಂದ ಅದನ್ನು ಇಳಿಸಿಟ್ಟಿದ್ದೇನೆ. ಬುಧವಾರ ಹೊರಡಬೇಕು.